ನಲವತ್ತೊಂದನೆಯ ಕೀಲಿಕೈ

“ಉಸ್ತಾ, ನೀವು ಮಾಳಿಗೆ ಇಳಿದುಬಿಟ್ರೆ ನಮ್ಮನೆ ಗಾಳಿಗೆ ದಾರಿ ತೋರಿಸೋರು ಯಾರು? ಇದು ನಿಮ್ಮ ಹತ್ರಾನೇ ಇರ್ಲಿ. ಮನೆ ನಿಮ್ಮದೇ ಅಲ್ವಾ?” ಎಂದರು ರೊಟ್ಟಿ ಭಟ್ಟಿಯ ಹಾಜಿ ನಸ್ರುಲ್ಲಾ, ತಮ್ಮ ಮುಂದೆ ಚಾಚಿದ್ದ ಕೀಲಿಕೈಯನ್ನು ಅದನ್ನು ಹಿಡಿದ ಬೆರಳುಗಳ ಸಮೇತ ಹಿಂದಕ್ಕೆ ತಳ್ಳುತ್ತ.

ಆ ಬೆರಳುಗಳು ನಮ್ಮ ಉಸ್ತಾ, ಎಂದರೆ ಮೇಸ್ತ್ರಿ, ಬೆಮಾನಲಿ ಮನ್ಶಾದಿಯವರವು. ಇರಾನಿನ ನಮ್ಮ ಯಜ್ದ್ ನಗರದಲ್ಲಿ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗಾಳಿಗೋಪುರಗಳನ್ನು ಕಟ್ಟಿದ ಮೇಸ್ತ್ರಿಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. ಆದರೆ ಆ ಗೋಪುರಗಳ ಪಕ್ಕದಲ್ಲೇ ಕುಳಿತು ಬೇಸಿಗೆಯುದ್ದಕ್ಕೂ ಗಡಗಡಿಸುವ ತಗಡಿನ ನೀರು-ಕೂಲರುಗಳನ್ನು, ಚಳಿಗಾಲದಲ್ಲಿ ಕೋಣೆಯ ಮೂಲೆಯಲ್ಲಿ ಬುಸುಗುಡುವ ಅನಿಲ ಒಲೆಗಳನ್ನು ಮೂವತ್ತೆಂಟು ವರ್ಷ ಸಾಕಿ ಸಲಹಿದವರು ಯಾರೆಂದು ಕೇಳಿದರೆ, ನಮ್ಮ ಕೇರಿಯ ಬೆಕ್ಕೂ ಅವರ ಮನೆಯ ಕಡೆಗೇ ತಿರುಗಿ ನೋಡೀತು. ಕೂಲರ್-ಒಲೆ ದುರಸ್ತಿಗಾರರ ನಮ್ಮ ಸಂಘ ಈ ಸಂಪುಟವನ್ನು ಅವರಿಗೆ ಅರ್ಪಿಸುವ ಹೊತ್ತಿನಲ್ಲಿ, ಅವರ ಸೇವೆಯ ಕಥೆಯನ್ನೂ, ಆ ಸೇವೆಯಿಂದ ಬಿಡುಗಡೆ ಪಡೆಯಲು ಅವರು ಪಟ್ಟ ಪಾಡಿನ ಕಥೆಯನ್ನೂ ಒಟ್ಟಿಗೇ ಹೇಳುವುದು ನ್ಯಾಯ.

ಅವರು ಶಾಲೆಯಲ್ಲಿ ಕಲಿತದ್ದು ಐದನೆಯ ತರಗತಿ. ಮಿಕ್ಕದ್ದನ್ನೆಲ್ಲ ಕಲಿಸಿದ್ದು ಕೆಟ್ಟುಹೋದ ಯಂತ್ರಗಳು. ಮೊದಲ ಪಂಪನ್ನು ಅವರು ಬಿಚ್ಚಿ ಹರಡಿದ್ದು ಹೊಸ ಹೆಂಡತಿ ಮಾಹ್‌ರುಖ್ ಖಾನುಮ್ ತವರಿನಿಂದ ತಂದಿದ್ದ ಊಟದ ಹಾಸುಬಟ್ಟೆಯ ಮೇಲೆ. ಎಣ್ಣೆಯ ಆ ಕಲೆಯನ್ನು ಮದುವೆಯ ದಿನಾಂಕದಂತೆ ಆಕೆ ಇಂದಿಗೂ ಮರೆತಿಲ್ಲ. ಕಸುಬಿನ ಮೊದಲ ವಸಂತದಲ್ಲಿ ಒಂದು ಮನೆಯ ಕೂಲರಿಗೆ ಮರದ ನಾರಿನ ಹೊಸ ಮೆತ್ತೆಗಳನ್ನು ಕೊಡವದೆ, ನೆನೆಸದೆ ಹಾಗೆಯೇ ಕೂರಿಸಿ ಬಂದರು. ಅಂದು ಆ ಮನೆಗೆ ಹೆಣ್ಣು ಕೇಳಲು ಬಂದಿದ್ದವರ ಅನ್ನದ ಮೇಲೆ ಕೇಸರಿಗಿಂತ ಮರದ ಹುಡಿಯೇ ಹೆಚ್ಚು ಬಿತ್ತು. ಸಂಬಂಧವೇನೋ ಕೂಡಿಬಂತು, ಉಸ್ತಾರಿಗೂ ಬುದ್ಧಿ ಬಂತು. ಅಂದಿನಿಂದ ಯಾರ ಮನೆಯಲ್ಲೇ ಮೆತ್ತೆ ಬದಲಿಸಲಿ, ಕೂಲರ್ ಹಾಕಿದ ಮೇಲೆ ಕೆಳಗಿಳಿದು, ಗಾಳಿ ಬರುವ ಜಾಲರಿಯ ಅಡಿಯಲ್ಲಿ ತಮ್ಮ ಬಿಳಿ ಕರವಸ್ತ್ರ ಹಾಸಿ, ಕಾಲು ಗಂಟೆ ಅದರ ಮುಂದೆ ಧ್ಯಾನಸ್ಥರಂತೆ ಕೂರುತ್ತಿದ್ದರು. ವಸ್ತ್ರದ ಮೇಲೆ ಒಂದು ಕಣ ಬಿದ್ದರೂ ಮತ್ತೆ ಏಣಿ ಹತ್ತುತ್ತಿದ್ದರು.

ಕೀಲಿಕೈಗಳು ಬಂದದ್ದು ಇಂಥ ನಂಬಿಕೆಯಿಂದಲೇ. ಹೊಸ ವರ್ಷದ ನೌರೂಜ್ ರಜೆಗೆ ಊರೆಲ್ಲ ನೆಂಟರ ಮನೆಗೆ ಹೊರಟಾಗ, “ಬರೋದ್ರೊಳಗೆ ಕೂಲರ್ ಸಿದ್ಧ ಇರ್ಲಿ ಉಸ್ತಾ” ಎಂದು ಮಾಳಿಗೆ ಬಾಗಿಲಿನ ಕೀಲಿ ಕೊಟ್ಟುಹೋದವರು ಅದನ್ನು ಹಿಂದಕ್ಕೆ ಕೇಳಲೇ ಇಲ್ಲ. ಒಂದು ಹತ್ತಾಯಿತು, ಹತ್ತು ನಲವತ್ತಾಯಿತು. ಮನೆಯವರ ಬಳಿ ಇದ್ದ ಎರಡನೆಯ ಕೀಲಿಗಳು ಎಲ್ಲೋ ಕಳೆದುಹೋದವು. ಮಾಳಿಗೆಗೆ ಹೋಗುವವರು ಉಸ್ತಾ ಒಬ್ಬರೇ ಆದ್ದರಿಂದ ಯಾರೂ ಹುಡುಕುವ ಗೋಜಿಗೆ ಹೋಗಲಿಲ್ಲ.

ಆ ಕೀಲಿಗಳಿಂದ ಪ್ರಾಣವೂ ಉಳಿದಿದೆ. ಶರತ್ಕಾಲದ ಮೊದಲ ಚಳಿಗೆ ಉಸ್ತಾ ಯಾರೂ ಕರೆಯದಿದ್ದರೂ ಮಾಳಿಗೆಯಿಂದ ಮಾಳಿಗೆಗೆ ಹೋಗಿ, ಒಲೆಯ ಹೊಗೆಗೊಳವೆಗಳ ಬಾಯಿಗೆ ಅಂಗೈ ಹಿಡಿದು ನೋಡುತ್ತಿದ್ದರು. ಅಂಗೈಗೆ ಬಿಸಿ ತಾಗಿದರೆ ಮನೆ ಸರಿಯಾಗಿ ಉಸಿರಾಡುತ್ತಿದೆ ಎಂದರ್ಥ. ಒಂದು ಮುಂಜಾನೆ ತೂಬಾ ಖಾನುಮ್ ಎಂಬ ನಿವೃತ್ತ ಶಿಕ್ಷಕಿಯ ಮನೆಯ ಕೊಳವೆ ತಣ್ಣಗಿತ್ತು, ಕೆಳಗೆ ಒಲೆಯೋ ಉರಿಯುತ್ತಿತ್ತು; ವಿಷದ ಹೊಗೆಯೆಲ್ಲ ಮನೆಯೊಳಗೇ. ಉಸ್ತಾ ಮೆಟ್ಟಿಲಿಳಿದು ಓಡಿ, ಅನಿಲ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದರು. ತಲೆಸಿಡಿತದಿಂದ ನರಳುತ್ತಿದ್ದ ಮನೆಮಂದಿ ಹಿಂದಿನ ದಿನದ ಮದುವೆಯೂಟವನ್ನು ಬೈಯುತ್ತಿದ್ದರು. ಅಪರಾಧಿ, ಕೊಳವೆಯೊಳಗೆ ಗೂಡು ಕಟ್ಟಿದ್ದ ಪಾರಿವಾಳ. ಉಸ್ತಾ ಗೂಡನ್ನು ಗಾಳಿಗೋಪುರದ ಸಂದಿಗೆ ಸಾಗಿಸಿ, ಕೊಳವೆಗೆ ಜಾಲರಿ ಕಟ್ಟಿ, ಪಾರಿವಾಳದ ಕ್ಷಮೆಯನ್ನೂ ಕೇಳಿದರೆಂದು ತೂಬಾ ಖಾನುಮ್ ಎಲ್ಲರಿಗೂ ಹೇಳಿಕೊಂಡು ಬಂದರು.

ಎಸಿಗಳ ಕಾಲ ಬಂದಾಗ ಉಸ್ತಾ ಐವತ್ತೆರಡರ ವಯಸ್ಸಿನಲ್ಲಿ, ಮೀಸೆ ಮೂಡುತ್ತಿದ್ದ ಸಹಪಾಠಿಗಳ ನಡುವೆ ಕುಳಿತು ಆ ವಿದ್ಯೆಯನ್ನೂ ಕಲಿತರು. ಹಾಗೆಂದು ಸಿಕ್ಕವರಿಗೆಲ್ಲ ಎಸಿ ಅಂಟಿಸಲಿಲ್ಲ. ತಮಗೂ ಒಂದಿರಲಿ ಎಂದ ತೂಬಾ ಖಾನುಮರಿಗೆ ಅವರು, ನಮ್ಮ ಒಣಗಾಳಿಗೆ ನೀರಿನ ಕೂಲರೇ ಸಾಕು, ಮೋಟಾರೊಂದನ್ನು ಬದಲಿಸೋಣ ಎಂದರು. “ಎಸಿ ಗಾಳಿಗೆ ವಾಸನೆ ಅನ್ನೋದೇ ಇಲ್ಲ ಖಾನುಮ್. ಉಪ್ಪಿಲ್ಲದ ಸಾರಿನ ಹಾಗೆ” ಎಂಬ ಅವರ ಮಾತು ನಮ್ಮ ಸಂಘದಲ್ಲಿ ಗಾದೆಯಾಗಿ ನಿಂತಿದೆ.

ಕಳೆದ ವಸಂತದಲ್ಲಿ ಉಸ್ತಾರ ದೊಡ್ಡ ದೇಹವನ್ನು ಹೊತ್ತ ಬಲಮಂಡಿ ಮುಷ್ಕರ ಹೂಡಿತು. ಏಣಿಯ ನಾಲ್ಕನೆಯ ಮೆಟ್ಟಿಲಲ್ಲಿ ಉಸ್ತಾ ಸಿಕ್ಕಿಕೊಂಡರು. ಹತ್ತಲೂ ಆಗದು, ಇಳಿಯಲೂ ಆಗದು. ಮಾನಕ್ಕೆ ಅಂಜಿ, ಗಾಳಿ ಸೇವನೆಗೆಂದೇ ನಿಂತವರಂತೆ ಮುಖ ಮಾಡಿ, ಬೀದಿಯಲ್ಲಿ ಹೋಗುವವರನ್ನೆಲ್ಲ “ಬನ್ನಿ, ಬನ್ನಿ, ಚಹಾ ಕುಡಿದು ಹೋಗಿ” ಎಂದು ಅಲ್ಲಿಂದಲೇ ಉಪಚರಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವರ ಏಣಿ ಹಿಡಿದ ಸಹೋದ್ಯೋಗಿ ಫತ್ತಾಹ್ ಬಂದು, ಹೆಗಲು ಕೊಟ್ಟು ಇಳಿಸಿದ. ಇನ್ನೊಂದು ಬೇಸಿಗೆ ಏಣಿ ಹತ್ತಿದರೆ ಆಮೇಲೆ ನೆಲದ ಮೇಲೂ ನಡೆಯಲಾರಿರಿ ಎಂದರು ವೈದ್ಯರು.

ಮಾಹ್‌ರುಖ್ ಖಾನುಮ್ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕೀಲಿ ಗೊಂಚಲನ್ನು ತೋರಿಸಿದರು. “ಇವು ಅಲ್ಲಿರೋ ತನಕ ನಿಮಗೆ ನಿವೃತ್ತಿ ಇಲ್ಲ ರೀ. ಯಾರಾದ್ರೂ ಕರೀತಾರೆ, ನೀವು ಹತ್ತೀರಿ. ಇವು ಮನೆ ಬಿಡಬೇಕು, ಇಲ್ಲ ನಾನು ಮಗಳ ಮನೆಗೆ ಹೋಗ್ಬೇಕು. ನೀವೇ ನೋಡಿ.”

ನೇರವಾಗಿ ಫತ್ತಾಹ್‌ನಿಗೆ ಕೊಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ನಂಬಿ ಕೊಟ್ಟದ್ದನ್ನು ಕೊಟ್ಟವರ ಕೈಗೇ ಹಿಂತಿರುಗಿಸಬೇಕು, ಮುಂದೆ ಯಾರಿಗೆ ಕೊಡುವುದೆಂಬುದು ಅವರಿಷ್ಟ ಎಂಬುದು ಉಸ್ತಾರ ಧರ್ಮ. ಹೀಗಾಗಿ ಕೋಲೂರಿಕೊಂಡು ಮೂರು ದಿನ ಮನೆಮನೆ ತಿರುಗಿದರು. ಎಲ್ಲೆಡೆಯೂ ಹಾಜಿ ನಸ್ರುಲ್ಲಾ ಅವರ ಮಾತೇ ಮಾತು: ಮನೆ ನಿಮ್ಮದೇ, ನಾವು ನಿಮ್ಮ ಪಾದದ ಧೂಳು, ಕೀಲಿ ನಿಮ್ಮಲ್ಲೇ ಇರಲಿ. ಮೂರನೆಯ ಸಂಜೆ ಅವರು ಅಷ್ಟೂ ಕೀಲಿಗಳ ಜತೆಗೆ ಎರಡು ಕರಬೂಜ, ಒಂದು ಡಬ್ಬಿ ಕೊತ್ತಾಬ್ ಸಿಹಿ ಹೊತ್ತು ಮನೆಗೆ ಬಂದರು.

“ಎಷ್ಟು ಸಲ ಕೊಟ್ರಿ?” ಎಂದು ಕೇಳಿದರು ಮಾಹ್‌ರುಖ್ ಖಾನುಮ್.

“ಒಂದೊಂದು ಮನೇಲೂ ಎರಡೆರಡು ಸಲ.”

“ಮೂರನೇ ಸಲ?”

“ಮೂರನೇ ಸಲಾನೂ ಒತ್ತಾಯ ಮಾಡಿದ್ರೆ, ನಿಮ್ಮ ಸಹವಾಸ ಸಾಕು ಅಂದ ಹಾಗಾಗಲ್ವೇನೇ?”

ಆಕೆ ಹಣೆ ಚಚ್ಚಿಕೊಂಡರು. ಎರಡು ಸಲ ಬೇಡವೆನ್ನುವುದು, ಮೂರನೆಯದಕ್ಕೆ ಕೈಚಾಚುವುದು ನಮ್ಮಲ್ಲಿ ಮಗುವಿಗೂ ಗೊತ್ತಿರುವ ಮರ್ಯಾದೆ. ನಲವತ್ತು ಮನೆಗಳವರು ಮೂರನೆಯ ಮಾತಿಗೆ ಕಾದರು; ಊರಿನಲ್ಲೇ ಅತಿ ಮರ್ಯಾದಸ್ಥರಾದ ಉಸ್ತಾ ಎರಡಕ್ಕೇ ನಿಲ್ಲಿಸಿ ಹೊರಟುಬಂದಿದ್ದರು.

ಅಷ್ಟರಲ್ಲಿ ಸೆಕೆ ಬಂದೇಬಿಟ್ಟಿತು. ಫತ್ತಾಹ್ ಹೊಸ ಮೆತ್ತೆಗಳ ರಾಶಿ ಹೇರಿಕೊಂಡು ಮನೆಮನೆಗೆ ಹೋದ, ಮಾಳಿಗೆ ಬಾಗಿಲುಗಳಿಗೆಲ್ಲ ಬೀಗ. ಬೀಗ ಒಡೆಸಿದರೆ ಉಸ್ತಾರಿಗೆ ಅವಮಾನ, ಕೀಲಿ ಕೇಳಿದರೆ ತಾವೇ ಆಡಿದ ಮಾತಿಗೆ ಅವಮಾನ. ಊರು ಬೀಸಣಿಗೆ ಹಿಡಿದು ಕುಳಿತಿತು. ಒಂದು ವಾರ ತಡೆದುಕೊಂಡ ಮೇಲೆ ತೂಬಾ ಖಾನುಮ್ ಉಸ್ತಾರ ಹೊಸ್ತಿಲಿಗೆ ಬಂದು ನಿಂತರು.

“ನನ್ನ ಕೀಲಿ ಕೊಟ್ಬಿಡಿ ಉಸ್ತಾ. ಬಾಯಿಮಾತಿಗೆ ಬೇಡ ಅಂದೆ, ನೀವು ನಿಜಕ್ಕೂ ಹೊತ್ಕೊಂಡು ಹೋಗೋದಾ? ಮನೇಲಿ ನಾನು ರೊಟ್ಟಿ ಥರ ಬೇಯ್ತಿದೀನಿ.”

ಉಸ್ತಾ ತಲೆ ತಗ್ಗಿಸಿದರು. “ಹಾಗಾದ್ರೆ ಯಾರಿಗೂ ನಾನು ಬೇಕಾಗಿರಲಿಲ್ವಾ ಖಾನುಮ್?”

“ಬೇಕಾಗಿದ್ರಿಂದಲೇ ಎರಡು ಸಲ ಬೇಡ ಅಂದಿದ್ದು. ಬೇಡವಾದವರಾಗಿದ್ರೆ ಮೊದಲನೇ ಸಲಕ್ಕೇ ಕಿತ್ಕೋತಿದ್ವಿ” ಎಂದರು ಆ ಹಳೆಯ ಶಿಕ್ಷಕಿ, ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ತಿದ್ದುವ ದನಿಯಲ್ಲಿ. ಉಸ್ತಾ ತಲೆ ಎತ್ತಿದರು. ಅಂದು ಅವರ ಮುಖ ಮಂಡಿನೋವನ್ನೂ ಮರೆತಿತ್ತೆಂದು ಫತ್ತಾಹ್ ಹೇಳುತ್ತಾನೆ.

ಸುದ್ದಿ ಹರಡಿ, ಗಂಟೆಯೊಳಗೆ ಕೇರಿಗೆ ಕೇರಿಯೇ ಬಾಗಿಲಲ್ಲಿ ನೆರೆಯಿತು. ಆದರೆ ಒಳಗೆ ಬರುವವರಿಲ್ಲ! ಹಾಜಿ ನಸ್ರುಲ್ಲಾ ನೆರೆಯವರಿಗೆ “ಮೊದಲು ನೀವು” ಎಂದರೆ, ನೆರೆಯವರು “ಹಿರಿಯರು ನೀವಿರುವಾಗಲೇ?” ಎಂದು ಹಿಂದೆ ಸರಿದು ಹಿಂದಿನವರ ಕಾಲು ತುಳಿಯುತ್ತಿದ್ದರು. ಕೊನೆಗೆ ಮಾಹ್‌ರುಖ್ ಖಾನುಮ್ ಗೊಂಚಲು ಹಿಡಿದು ಹೊರಬಂದು, ಹಾಜರಿ ಕರೆದಂತೆ ಹೆಸರು ಕೂಗಿ, ಒಬ್ಬೊಬ್ಬರ ಅಂಗೈಗೂ ಕೀಲಿ ಒತ್ತಿದರು. ಅಲ್ಲಿಂದ ಅವು ಒಂದೊಂದಾಗಿ ಫತ್ತಾಹ್‌ನ ಜೇಬಿಗೆ ಇಳಿದವು. ಈ ಶರತ್ಕಾಲದಿಂದ ಹೊಗೆಗೊಳವೆಗಳಿಗೆ ಅಂಗೈ ಹಿಡಿಯುವವನು ಅವನೇ.

ನಮ್ಮ ನಾಡಿನಲ್ಲಿ ಉಪಕಾರ ಮಾಡಿದವರಿಗೆ “ಕೈ ನೋಯದಿರಲಿ” ಎನ್ನುತ್ತೇವೆ. ಉಸ್ತಾ ಬೆಮಾನಲಿಯವರಿಗೆ ನಮ್ಮ ಸಂಘದ ಹಾರೈಕೆ ಒಂದು ತೂಕ ಹೆಚ್ಚು: ಕೈಯ ಜೊತೆಗೆ ಮಂಡಿಯೂ ನೋಯದಿರಲಿ. ಆ ಬಿಳಿ ಕರವಸ್ತ್ರದ ಪಾಠವನ್ನು ಅವರು ತಮ್ಮ ದುರಸ್ತಿ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕುಳಿತು ನೂರು ವರ್ಷ ಹೇಳಿಕೊಡುತ್ತಿರಲಿ.

ಕೀಲಿಗಳು ಮರಳಿದ ಆ ದಿನ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಗೊಂಚಲಿನಲ್ಲಿ ಒಂದೇ ಒಂದು ಕೀಲಿ ಉಳಿದಿತ್ತು. ಉಸ್ತಾ ತಿರುಗಿಸಿ ತಿರುಗಿಸಿ ನೋಡಿದರು. ಯಾರ ಮನೆಯದೆಂದು ಹೊಳೆಯಲಿಲ್ಲ.

“ನಮ್ಮನೇದು ರೀ” ಎಂದರು ಮಾಹ್‌ರುಖ್ ಖಾನುಮ್. “ಮೂರು ವರ್ಷದಿಂದ ಮೆತ್ತೆ ಬದಲಾಗಿಲ್ಲ.”

“ಹತ್ತಲಾ?”

“ಫತ್ತಾಹ್ ಹತ್ತಲಿ. ನೀವು ಕೆಳಗೆ ಕೂತ್ಕೊಳ್ಳಿ.”

ಮಾಳಿಗೆಯ ಮೇಲೆ ಕೂಲರಿನ ಬೆಲ್ಟು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಜಾಲರಿಯಿಂದ ಒದ್ದೆ ಮರದ ವಾಸನೆ ಹೊತ್ತ ತಂಪುಗಾಳಿ ಇಳಿಯಿತು. ಉಸ್ತಾ ಬಿಳಿ ಕರವಸ್ತ್ರ ಬಿಡಿಸಿ ಹಾಸುವಷ್ಟರಲ್ಲಿ, ಮಾಹ್‌ರುಖ್ ಖಾನುಮ್ ಅದನ್ನು ತೆಗೆದಿಟ್ಟು, ಆ ಜಾಗದಲ್ಲಿ ಎಣ್ಣೆಯ ಕಲೆಯಿದ್ದ ಹಳೆಯ ಹಾಸುಬಟ್ಟೆಯನ್ನು ಹರಡಿ ಕರಬೂಜ ಕೊಯ್ದರು.