ಎಳೆದು ತರುವ ಗಾಡಿ

ಅವರ ಬಲಗೈ ಹೆಬ್ಬೆರಳಿನ ಉಗುರು ಚಮಚದ ಹಾಗೆ ಅಗಲವಾಗಿ, ನಡುವೆ ತಗ್ಗಾಗಿತ್ತು. ಎಂದೋ ಸರಪಳಿಯ ಕೊಂಡಿ ಬಿದ್ದು ಜಜ್ಜಿಹೋದ ಬೆರಳು. ಉದುರಿದ ಉಗುರು ಮತ್ತೆ ಬಂದಾಗ ಈ ಆಕಾರದಲ್ಲಿ ಬಂತಂತೆ. ನಾನಾಗಿದ್ದರೆ ಅದನ್ನು ಮಡಚಿಕೊಂಡು ಓಡಾಡುತ್ತಿದ್ದೆ. ಅವರು ಅದನ್ನೇ ಹತಾರ ಮಾಡಿಕೊಂಡಿದ್ದರು. ಒದ್ದೆ ಕೆಮ್ಮಣ್ಣನ್ನು ಆ ತಗ್ಗಿನಲ್ಲಿ ತೆಗೆದುಕೊಂಡು, ಅಂಗೈಯಗಲದ ಮರದ ಟ್ಯಾಂಕಿನ ಮೇಲೆ ಒಂದೇ ಎಳೆತಕ್ಕೆ ಸವರುತ್ತಿದ್ದರು. ಬ್ರಷ್ಷಿನಿಂದ ಅಷ್ಟು ಚೆನ್ನಾಗಿ ಬರುವುದಿಲ್ಲ ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು.

ಅವರು ನನ್ನ ಮನೆ ಓನರು. ಚನ್ನಪಟ್ಟಣದ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ನಾನು ವರ್ಗವಾಗಿ ಬಂದಾಗ ಟಿವಿ ಇನ್ನೂ ಎಲ್ಲರ ಮನೆಗೆ ಬಂದಿರಲಿಲ್ಲ. ಮದುವೆಯಾಗದವನಿಗೆ ಮನೆ ಕೊಡಲು ಊರೇ ಹಿಂದೆಮುಂದೆ ನೋಡುತ್ತಿತ್ತು. ಇವರು ಮಾತ್ರ ನನ್ನ ಊರು ದೊಡ್ಡಆಲಹಳ್ಳಿ ಎಂದಾಗಲೂ, ಸಂಬಳ ಹೇಳಿದಾಗಲೂ ಸುಮ್ಮನೆ ತಲೆಯಾಡಿಸಿ, ಒಂದೇ ಒಂದು ಪ್ರಶ್ನೆ ಕೇಳಿದರು.

“ಭಾನುವಾರ ಊಟ ಆದ್ಮೇಲೆ ಏನ್ ಮಾಡ್ತೀರಿ ಮೇಷ್ಟ್ರೇ?”

“ಏನಿಲ್ಲ, ಒಂದು ಗಳಿಗೆ ಮಲಗ್ತೀನಿ.”

“ಹಂಗಾರೆ ಮನೆ ನಿಮ್ದೇ. ಮಲಗಾದು ಒಂದ್ ಬುಟ್ಬುಡಿ.”

ನನಗಿಂತ ಮುಂಚೆ ಅಲ್ಲಿದ್ದ ಗುಮಾಸ್ತನೊಬ್ಬ ಈ ಭಾನುವಾರದ ಕಾಟ ತಾಳಲಾರದೆ ಖಾಲಿ ಮಾಡಿಕೊಂಡು ಹೋದನೆಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ನಾನು ಅಡ್ವಾನ್ಸ್ ಕೊಟ್ಟಾಗಿತ್ತು.

ಕಾಟವೆಂದರೆ ಯುದ್ಧ. ಹಿತ್ತಿಲ ಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಎರಡು ಪೀಪಾಯಿಗಳ ಮೇಲೆ ಮಲಗಿಸಿ ಮೇಜು ಮಾಡಿದ್ದರು. ಅದರ ಮೇಲೆ ಜರಡಿ ಹಿಡಿದ ಮರಳು, ಮರಳಿನ ದಿಬ್ಬಗಳು, ನೀಲಿ ಬಟ್ಟೆಯ ಪಟ್ಟಿಯಲ್ಲಿ ಒಂದು ನಾಲೆ, ನಾಲೆಗೊಂದು ಸೇತುವೆ. ಈ ಬದಿಗೆ ಅವರ ಗಾಡಿಗಳು, ಆ ಬದಿಗೆ ನನ್ನವು. ಟ್ಯಾಂಕು, ಜೀಪು, ಲಾರಿ ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು, ಎಲ್ಲವನ್ನೂ ಅವರೇ ಮಾಡಿದ್ದು. ಸೇನೆಯಲ್ಲಿ ಆಫೀಸರುಗಳು ಮರಳಿನ ಮೇಲೆ ಮರದ ತುಂಡುಗಳನ್ನಿಟ್ಟು ಲೆಕ್ಕ ಹಾಕುವುದನ್ನು ನೋಡಿದ್ದರಂತೆ. ಅದನ್ನೇ ತಂದು ನಮ್ಮ ಚೌಕಾಬಾರದ ಜೊತೆ ಕೂಡಿಸಿದ್ದರು. ಒಂದು ಸರದಿಗೆ ಗಾಡಿ ಒಂದು ಗೇಣು ನಡೆಯಬಹುದು. ಗುಂಡು ಹೊಡೆಯಬೇಕಾದರೆ ನಾಲ್ಕು ಕವಡೆ ಹಾಕಬೇಕು. ನಾಲ್ಕೂ ಅಂಗಾತ ಬಿದ್ದರೆ ಎದುರಿನ ಗಾಡಿ ಕೆಟ್ಟು ನಿಂತಂತೆ. ಮೊದಲು ಸೇತುವೆ ದಾಟಿದವನು ಗೆದ್ದ.

ಅವರ ತಂದೆ ಬೊಂಬೆ ಕೆಲಸದವರು. ಹಾಲೆಮರವನ್ನು ಲೇತಿಗೆ ಕೊಟ್ಟು ಗಾಲಿ ತೆಗೆಯುವುದನ್ನು ಚಿಕ್ಕಂದಿನಲ್ಲೇ ಕಲಿತು, ಆಮೇಲೆ ಸೇನೆ ಸೇರಿ, ಪೆನ್ಷನ್ ಪಡೆದು ವಾಪಸು ಬಂದು ಮತ್ತೆ ಅದೇ ಲೇತಿನ ಮುಂದೆ ಕೂತವರು ಇವರು. ಫಿರಂಗಿಯ ಕೊಳವೆಗೆ ಸೈಕಲ್ ಕಡ್ಡಿ, ಟ್ಯಾಂಕಿನ ಪಟ್ಟಿಗೆ ಸೈಕಲ್ ಟ್ಯೂಬು. ಎಲ್ಲಕ್ಕಿಂತ ಮೊದಲು ಅವರು ಮಾಡಿದ್ದು ಒಂದಂಗುಲದ ಒಬ್ಬ ಮರದ ಮನುಷ್ಯನನ್ನು. ಹೊಸ ಗಾಡಿ ಏನೇ ಕೆತ್ತಿದರೂ ಈ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಿದ್ದರು.

“ಮೊದ್ಲು ಮನ್ಸ, ಆಮೇಲೆ ಗಾಡಿ. ಇವ್ನು ಹತ್ತಿ ಇಳಿಯಾಕೆ ಆಗ್ದಿದ್ರೆ ಅದು ಗಾಡಿ ಅಲ್ಲ, ಒಲೆಗೆ ಹಾಕೋ ಸೌದೆ.”

ಹೇಳಿದಂತೆಯೇ ಒಲೆಗೆ ಹಾಕಿಯೂ ಬಿಡುತ್ತಿದ್ದರು.

ಬಣ್ಣದ ವಿಷಯದಲ್ಲಿ ಮನೆಯೊಳಗೇ ಒಂದು ಯುದ್ಧ ನಡೆದಿತ್ತು. ಅವರ ಹೆಂಡತಿ ಬೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅರಗಿನ ಬಣ್ಣ ಹಾಕಿದವರು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ತೀಡಿ, ಮುಖ ಕಾಣುವಷ್ಟು ಮಿಂಚು ತರುವುದರಲ್ಲಿ ಅವರ ಕೈ ಊರಿಗೆ ಹೆಸರುವಾಸಿ. ಮೊದಲ ಸಲ ಗಂಡ ಆರು ಟ್ಯಾಂಕುಗಳ ಬಿಡಿ ಭಾಗಗಳನ್ನು ಕೊಟ್ಟು ಹಸಿರು ಹಾಕಿಕೊಡು ಎಂದರಂತೆ. ಅಮ್ಮ ಇಡೀ ದಿನ ಕೂತು ಗಿಳಿ ಹಸಿರು ಹಾಕಿ, ಮನೆಯ ದೀಪವೆಲ್ಲ ಅದರಲ್ಲಿ ಕಾಣುವ ಹಾಗೆ ತೀಡಿ ಕೊಟ್ಟರು.

“ಮಿಂಚೋ ಟ್ಯಾಂಕು ಬದುಕಾಕಿಲ್ಲ ಕಣೆ. ಮೂರು ಮೈಲಿಯಿಂದ ಕಾಣ್ತದೆ,” ಎಂದರು ಇವರು.

“ಮಿಂಚದೆ ಇರೋ ಸಾಮಾನು ನನ್ ಕೈಯಿಂದ ಆಚೆಗೆ ಹೋಗಾಕಿಲ್ಲ. ನೋಡ್ದೋರು ಏನಂದಾರು, ಇವ್ಳ ಕೈ ಬಿದ್ದೋಯ್ತು ಅನ್ನಾಕಿಲ್ವಾ?” ಎಂದರು ಅಮ್ಮ.

ಹದಿನೈದು ದಿನ ಮಾತಿಲ್ಲ. ಕೊನೆಗೆ ಇಬ್ಬರೂ ಸೋಲದ ಒಪ್ಪಂದವಾಯಿತು. ಅಮ್ಮ ತಮಗೆ ತೃಪ್ತಿಯಾಗುವಷ್ಟು ಮಿಂಚಿಸಿ ಕೊಡುವುದು. ಆಮೇಲೆ ಅದರ ಮೇಲೆ ಇವರು ಗೋಂದು ಬೆರೆಸಿದ ಕೆಮ್ಮಣ್ಣು ಸವರುವುದು. ನಾನು ನೋಡುವ ಹೊತ್ತಿಗೆ ಅದು ಮನೆಯ ಪದ್ಧತಿಯೇ ಆಗಿತ್ತು. ಇವರು ಮಣ್ಣು ಹಚ್ಚುವಾಗ ಅಮ್ಮ ಎದ್ದು ಒಳಗೆ ಹೋಗುತ್ತಿದ್ದರು.

ಆಟದಲ್ಲಿ ಒಂದು ವಿಚಿತ್ರ ನಿಯಮವಿತ್ತು. ಕೆಟ್ಟು ನಿಂತ ಗಾಡಿಯನ್ನು ಚದುರಂಗದ ಕಾಯಿಯಂತೆ ಮೇಜಿನಿಂದ ತೆಗೆಯುವಂತಿರಲಿಲ್ಲ. ಅದು ಇದ್ದಲ್ಲೇ ಇರಬೇಕು. ಎರಡೂ ಕಡೆಗೆ ಒಂದೊಂದು ಕ್ರೇನಿನ ಲಾರಿ ಇತ್ತು, ಹಿಂದೆ ತಂತಿಯ ಕೊಕ್ಕೆ. ಅವರು ಅದನ್ನು ಎಳೆಯೋ ಗಾಡಿ ಎನ್ನುತ್ತಿದ್ದರು. ಅದು ಹೋಗಿ, ದಾರ ಕಟ್ಟಿ, ಕೆಟ್ಟ ಗಾಡಿಯನ್ನು ತನ್ನ ಕಡೆಯ ಅಂಚಿಗೆ ಎಳೆದು ತರಬಹುದು. ತರಲೇಬೇಕೆಂದೇನೂ ಇಲ್ಲ. ಅದಕ್ಕೆ ಬಂದೂಕಿಲ್ಲ, ಫಿರಂಗಿಯಿಲ್ಲ, ಸೇತುವೆ ದಾಟಿದರೂ ಲೆಕ್ಕಕ್ಕಿಲ್ಲ, ಗೆಲುವಿಗೆ ಅದರಿಂದ ಕವಡೆಯಷ್ಟೂ ಉಪಯೋಗವಿಲ್ಲ. ನಾನು ನನ್ನದನ್ನು ಮೇಜಿನ ಮೂಲೆಯಲ್ಲಿ ನಿಲ್ಲಿಸಿ ಮರೆತುಬಿಟ್ಟೆ. ಅವರು ಮಾತ್ರ ಪ್ರತಿ ಸಲವೂ ಆಟ ಬಿಟ್ಟು ಆ ಲಾರಿಯ ಹಿಂದೆ ಬೀಳುತ್ತಿದ್ದರು. ಸೋತ ಮೇಲೆ ಎಣಿಸಿ, “ಎಲ್ಲಾ ಬಂದ್ವು” ಎಂದು ಕೈ ಒರೆಸಿಕೊಳ್ಳುತ್ತಿದ್ದರು.

ಗಣಿತದ ಮೇಷ್ಟ್ರಿಗೆ ಇಷ್ಟು ಸಾಕಲ್ಲ. ಮೂರನೆಯ ತಿಂಗಳಿಗೆ ನಾನು ಅವರ ದೌರ್ಬಲ್ಯ ಕಂಡುಹಿಡಿದೆ. ದೂರದಲ್ಲಿರುವ ಅವರ ಒಂದು ಗಾಡಿಯನ್ನು ಕೆಡಿಸುವುದು, ಎರಡು ಟ್ಯಾಂಕುಗಳನ್ನು ದಿಬ್ಬದ ಹಿಂದೆ ಅಡಗಿಸಿಡುವುದು. ಎಳೆಯೋ ಗಾಡಿ ಬಂದೇ ಬರುತ್ತದೆ, ಬಂದಾಗ ಹೊಡೆಯುವುದು. ಅವರಿಗೂ ಗೊತ್ತಿರುತ್ತಿತ್ತು. ದಿಬ್ಬದ ಕಡೆ ಒಮ್ಮೆ ನೋಡಿ, ಗೊತ್ತಿದ್ದೇ ಕಳಿಸುತ್ತಿದ್ದರು. ನಾನು ಸತತವಾಗಿ ಗೆಲ್ಲುತ್ತ ಹೋದೆ. ಗೆದ್ದ ಖುಷಿಯಲ್ಲಿ ಸೋಮವಾರ ಒಂಬತ್ತನೇ ಕ್ಲಾಸಿನವರಿಗೆ ಹೋಂವರ್ಕ್ ಮಾಫಿ ಮಾಡಿದ್ದೂ ಉಂಟು.

ಒಂದು ಭಾನುವಾರ ಕಾಫಿ ತಂದ ಅಮ್ಮ ಲೋಟವನ್ನು ನನ್ನ ಕೈಗೆ ಕೊಡದೆ ನಿಂತರು.

“ಯಾಕ್ ಮೇಷ್ಟ್ರೇ, ಗೊತ್ತಿದ್ದೂ ಅದ್ನೇ ಹೊಡೀತೀರಲ್ಲ?”

“ಏನು ಗೊತ್ತಿದ್ದು ಅಮ್ಮ?”

ಅಮ್ಮ ಗಂಡನ ಮುಖ ನೋಡಿದರು. “ಇವ್ರು ಹೇಳೇ ಇಲ್ವಾ?”

ಆಗ ಅವರು ಹೇಳಿದರು. ಕವಡೆಗಳನ್ನು ಆಯ್ದು ಡಬ್ಬಿಗೆ ಹಾಕುತ್ತ, ಪಕ್ಕದ ಬೀದಿಯ ಸಮಾಚಾರ ಹೇಳುವವರ ಹಾಗೆ.

“ನಾನು ಟ್ಯಾಂಕು ಓಡಿಸ್ದೋನಲ್ಲ ಮೇಷ್ಟ್ರೇ. ಊರಲ್ಲಿ ಹಂಗಂತಾರೆ, ಅನ್ನಲಿ. ನಾನು ರಿಕವರಿ ಗಾಡಿಯೋನು. ಕೆಟ್ಟಿದ್ದ ಎಳ್ಕೊಂಡ್ ಬರಾದು. ಒಂದ್ ಜೀಪು ನಾಲೆಗೆ ಮಗುಚ್ಕೊಂಡಿತ್ತು. ಡ್ರೈವರ್ ಕಾಲು ಅಡೀಲಿ ಸಿಕ್ಕಾಕ್ಕೊಂಡಿತ್ತು. ಜೀವ ಇತ್ತು, ಮಾತಾಡ್ತಿದ್ದ. ಸರಪಳಿ ಹಾಕ್ತಿದ್ದೆ, ಅಷ್ಟ್ರಲ್ಲಿ ಆರ್ಡರ್ ಬಂತು, ಬುಟ್ಟು ಹಿಂದಕ್ಕೆ ಬನ್ನಿ ಅಂತ. ಆತುರಕ್ಕೆ ಕೊಂಡಿ ಬೆರಳ ಮೇಲೆ ಬಿತ್ತು.” ಹೆಬ್ಬೆರಳು ತೋರಿಸಿದರು. “ಬೀಡಿ ಹಚ್ಚಿ ಅವ್ನ ಬಾಯಿಗಿಟ್ಟೆ. ಬತ್ತೀನಿ ಇರು ಅಂದೆ. ಆಯ್ತಣ್ಣ ಅಂದ.”

“ಆಮೇಲೆ?”

“ಆಮೇಲೆ ಆ ಜಾಗ ನಮ್ಗೆ ವಾಪಸ್ ಸಿಗ್ಲಿಲ್ಲ.”

ಕಾಫಿ ಆರಿತ್ತು. ನನಗೆ ನಾಚಿಕೆಯಾಯಿತು. ಮುಂದಿನ ಭಾನುವಾರ ಎಳೆಯೋ ಗಾಡಿ ನನ್ನ ಟ್ಯಾಂಕಿನ ಎದುರಿಗೇ ಬಂದರೂ ನೋಡದವನಂತೆ ಬೇರೆ ಕಡೆ ಕವಡೆ ಹಾಕಿದೆ. ಅವರು ಆಟ ನಿಲ್ಲಿಸಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮೇಲೆ ಸಿಟ್ಟಾಗಿದ್ದು ಅದೊಂದೇ ಸಲ.

“ಕನಿಕರ ತೋರ್ಸಾಕೆ ಬಂದಿದ್ದೀರಾ? ಹೊಡೀರಿ. ಹೊಡೆದ್ರೂ ಹೋಗಿ ತರ್ತೀನಾ ಇಲ್ವಾ, ಅದು ನನ್ ಲೆಕ್ಕ.”

ಹೊಡೆದೆ. ಆಮೇಲೂ ಹೊಡೆಯುತ್ತಲೇ ಇದ್ದೆ. ಅವರು ಹೋಗುತ್ತಲೇ ಇದ್ದರು. ನನಗೆ ಮದುವೆಯಾಯಿತು, ಎರಡು ಬೀದಿ ಆಚೆ ದೊಡ್ಡ ಮನೆ ಹಿಡಿದೆ, ಭಾನುವಾರ ಮಾತ್ರ ತಪ್ಪಲಿಲ್ಲ. ಇದೇನು ಗೋಳು, ದೊಡ್ಡವರಾಗಿ ಬೊಂಬೆ ಆಡುತ್ತೀರಿ ಎಂದು ನನ್ನ ಹೆಂಡತಿ ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ. ಮೈಸೂರು ರಸ್ತೆಯಲ್ಲಿ ಸೇನೆಯ ವಾಹನಗಳ ಸಾಲು ಹೋದರೆ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆ ಬದಿಗೆ ಹೋಗಿ ನಿಲ್ಲುತ್ತಿದ್ದರು. ಹೊಸ ಮಾದರಿ ಕಂಡರೆ ಬೆರಳಳತೆಯಲ್ಲೇ ಅಳೆದುಕೊಂಡು ಬರುತ್ತಿದ್ದರು. ಒಮ್ಮೆ ಜೊತೆಗಿದ್ದ ನಾನು ಬಿಸಿಲು ತಾಳದೆ ಹೋಗೋಣ ಎಂದೆ. “ಒಸಿ ಇರಿ, ಇನ್ನೂ ನಮ್ದು ಬಂದಿಲ್ಲ,” ಎಂದರು. ಎಲ್ಲಕ್ಕಿಂತ ಕೊನೆಗೆ ಕ್ರೇನಿನ ಲಾರಿ ಬಂತು. ಅದು ತಿರುವು ದಾಟಿದ ಮೇಲೆಯೇ ಹೊರಟರು.

ಕೊನೆಯ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಲೇತಿನ ಧೂಳೋ, ಬೀಡಿಯೋ, ಡಾಕ್ಟರು ಎರಡನ್ನೂ ಬೈದರು. ಹಿತ್ತಿಲ ಕೋಣೆಗೇ ಮಂಚ ಹಾಕಿಸಿಕೊಂಡರು. ಅವರು ಹೇಳಿದಂತೆ ಎರಡೂ ಕಡೆಯ ಗಾಡಿಗಳನ್ನು ನಾನೇ ನಡೆಸುತ್ತಿದ್ದೆ. ಕವಡೆ ಮಾತ್ರ ಅವರು ಹಾಕುತ್ತಿದ್ದರು.

ಆ ಭಾನುವಾರ ಆಟಕ್ಕೆ ಮುಂಚೆ ಒಂದಂಗುಲದ ಮನುಷ್ಯನನ್ನು ಕೇಳಿ ಪಡೆದು, ತಮ್ಮ ಕಡೆಯ ಒಂದು ಜೀಪಿನಲ್ಲಿ ಕೂರಿಸಿ ಕೊಟ್ಟರು. ಹಿಂದೆಂದೂ ಹಾಗೆ ಮಾಡಿದವರಲ್ಲ. ನನ್ನ ದುರದೃಷ್ಟಕ್ಕೆ ನನ್ನ ಗುಂಡಿಗೆಂದು ಅವರೇ ಹಾಕಿದ ಕವಡೆ ನಾಲ್ಕೂ ಅಂಗಾತ ಬಿದ್ದು, ಜೀಪು ನಾಲೆಯ ದಡದಲ್ಲೇ ಕೆಟ್ಟು ನಿಂತಿತು. ಅವರ ಎಳೆಯೋ ಗಾಡಿ ಹೊರಟಿತು. ದಾರಿಯಲ್ಲಿ ಮತ್ತೆ ನಾಲ್ಕು ಅಂಗಾತ. ಅದೂ ಕೆಟ್ಟಿತು. ಇನ್ನು ಅದನ್ನು ತರಲು ಅವರ ಹತ್ತಿರ ಏನೂ ಉಳಿದಿರಲಿಲ್ಲ.

ಅವರು ಕೈಯಲ್ಲಿದ್ದ ಕವಡೆಗಳನ್ನು ಡಬ್ಬಿಗೆ ಹಾಕಿ ದಿಂಬಿಗೆ ಒರಗಿದರು.

“ಬುಟ್ಬುಡಿ ಮೇಷ್ಟ್ರೇ. ಅದು ಅಲ್ಲೇ ಇರ್ಲಿ. ನೀವು ಸೇತುವೆ ದಾಟಿ.”

ಸೇತುವೆಗೆ ನನಗೆ ಒಂದೇ ಗೇಣು ಬಾಕಿಯಿತ್ತು. ನಾನು ಟ್ಯಾಂಕಿಗೆ ಕೈ ಹಾಕಿದವನು ತೆಗೆದುಬಿಟ್ಟೆ. ಮೂಲೆಯಲ್ಲಿ ಅಷ್ಟು ವರ್ಷ ಸುಮ್ಮನೆ ನಿಂತಿದ್ದ ನನ್ನ ಕಡೆಯ ಎಳೆಯೋ ಗಾಡಿಯನ್ನು ಹೊರಡಿಸಿದೆ. ಸರದಿಗೊಂದು ಗೇಣಿನಂತೆ ನಾಲೆಯವರೆಗೆ ನಡೆಸಿ, ಜೀಪಿಗೆ ದಾರ ಕಟ್ಟಿ, ಅವರ ಕಡೆಯ ಅಂಚಿಗೆ ಎಳೆದುಕೊಂಡು ಹೋಗಿ ಮಂಚದ ಹತ್ತಿರ ನಿಲ್ಲಿಸಿದೆ. ಅಷ್ಟೂ ಸರದಿ ಅವರು ತಮ್ಮ ಒಂದು ಗಾಡಿಯನ್ನೂ ನಡೆಸಲು ಹೇಳಲಿಲ್ಲ.

“ಇದು ರೂಲ್ಸಲ್ಲಿ ಇಲ್ಲ,” ಎಂದರು ಕೊನೆಗೆ.

“ಹೇಳಿ, ಬರ್ಕೋತೀನಿ.”

ನಿಯಮಗಳ ನೋಟುಬುಕ್ಕು ಕಿಟಕಿಯಲ್ಲಿತ್ತು. ಉಸಿರು ಸುಧಾರಿಸಿಕೊಂಡು ಒಂದೊಂದೇ ಮಾತು ಹೇಳಿದರು. “ಎಳೆಯೋ ಗಾಡಿಗೆ ಯಾರೂ ಹೊಡೆಯಂಗಿಲ್ಲ. ಯಾರ್ ಕಡೆದು ಬೇಕಾದ್ರೂ ಯಾರ್ ಬೇಕಾದ್ರೂ ಎಳ್ಕೊಂಡ್ ಬರಬೌದು.” ನಾನು ಬರೆದುಕೊಂಡೆ. ಅವರು ಜೀಪಿನಿಂದ ಮನುಷ್ಯನನ್ನು ಎತ್ತಿ, ಆ ಉಗುರಿನ ತಗ್ಗಿನಲ್ಲಿ ಮಲಗಿಸಿಕೊಂಡು ನೋಡಿದರು.

“ಬಂದ,” ಎಂದರು.

ಆಮೇಲೆ ಇಬ್ಬರೂ ಅತ್ತೆವು. ಒಳಗಿನಿಂದ ಅಮ್ಮ ಬಂದು ನೋಡಿ ವಾಪಸು ಹೋದರು.

ಅದಾಗಿ ಹತ್ತು ದಿನಕ್ಕೆ ಅವರು ತೀರಿಕೊಂಡರು. ಹನ್ನೊಂದನೇ ದಿನದ ತಿಥಿಯ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಮ್ಮ ನನ್ನನ್ನು ಹಿತ್ತಿಲ ಕೋಣೆಗೆ ಕರೆದರು. ಬಾಗಿಲಲ್ಲೇ ನಿಂತುಬಿಟ್ಟೆ. ಮೇಜಿನ ತುಂಬ ಗಾಡಿಗಳು ಮಿಂಚುತ್ತಿದ್ದವು. ನನಗೆ ಗೊತ್ತಿದ್ದ ಮಣ್ಣುಬಣ್ಣದ ಒಂದು ಟ್ಯಾಂಕೂ ಅಲ್ಲಿರಲಿಲ್ಲ. ಗಿಳಿ ಹಸಿರು, ಅರಿಶಿನದ ಹಳದಿ, ಕುಂಕುಮದ ಕೆಂಪು. ಅಷ್ಟು ವರ್ಷ ಕೆಳಗೆ ಅಡಗಿದ್ದ ಅಮ್ಮನ ಬಣ್ಣ.

“ಮನೇಲಿ ಎಲ್ರೂ ತಲೆ ಮೇಲೆ ನೀರ್ ಹಾಕ್ಕೊಂಡ್ವಲ್ಲ, ಇವುಕ್ಕೂ ಹಾಕ್ದೆ,” ಎಂದರು ಅಮ್ಮ. “ಯುದ್ಧ ಮುಗೀತು. ಇನ್ ಮಿಂಚಲಿ ಬುಡಿ.”

ಒಂದನ್ನು ಮಾತ್ರ ತೊಳೆದಿರಲಿಲ್ಲ. ನನ್ನ ಕಡೆಯ ಎಳೆಯೋ ಗಾಡಿ. ಅದನ್ನು ಸೆರಗಿನಲ್ಲಿ ಹಿಡಿದು ತಂದು ನನ್ನ ಕೈಗಿಟ್ಟರು. “ಇದು ನಿಮ್ದು. ತೊಳೆಯಾದು ಬುಡಾದು ನಿಮ್ಗೆ ಸೇರಿದ್ದು.”

ಈಗ ನಾನೂ ನಿವೃತ್ತನಾಗಿ ಊರು ಸೇರಿದ್ದೇನೆ. ಲಾರಿ ನನ್ನ ಪುಸ್ತಕದ ಕಪಾಟಿನಲ್ಲಿದೆ. ವರ್ಷಕ್ಕಿಷ್ಟು ಮಣ್ಣು ಉದುರುತ್ತದೆ. ಹೆಂಡತಿ ಗೊಣಗಿಕೊಂಡು ಕಪಾಟು ಒರೆಸುತ್ತಾಳೆ, ಲಾರಿ ಮುಟ್ಟುವುದಿಲ್ಲ. ಅದರ ಬಾನೆಟ್ಟಿನ ಮೇಲೆ ಒಂದೇ ಎಳೆತದಲ್ಲಿ ಸವರಿದ ಮಣ್ಣಿನ ಗೆರೆಯಿದೆ, ಚಮಚದಿಂದ ಬಳಿದ ಹಾಗೆ ಎರಡು ಅಂಚು ಉಬ್ಬಿ ನಡುವೆ ತಗ್ಗು. ನಾನು ಅದನ್ನು ಈವರೆಗೂ ತೊಳೆದಿಲ್ಲ.