ಒಂಟಿ ಸೀನು ಮತ್ತು ಕಾಮಗೆರೆಯ ಓಲಗ

ಸೋಮವಾರ ಬೆಳಗಿನ ಐದೂವರೆ. ಕಾಮಗೆರೆಯ ತಮ್ಮ ಮನೆಯ ಜಗಲಿಯಲ್ಲಿ ಮುತ್ತಯ್ಯ ನಾದಸ್ವರದ ಪೀಪಿಯನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಾರೆ. ಒಣಗಿದ ಪೀಪಿ ನೆನೆದು ಮೆತ್ತಗಾಗುವವರೆಗೆ ಊದುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಆ ಹದಿನೈದು ನಿಮಿಷ ಕೆಲಸವೆಲ್ಲ ಬಲಗೈಯ ತೋರುಬೆರಳಿಗೆ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಾ ಅವರು ಬ್ಲಾಗು ಬರೆಯುತ್ತಾರೆ.

"ಬಾಯಲ್ಲಿ ಪೀಪಿ ಇರಗಂಟ ಮನೆ ನೆಮ್ಮದಿಯಾಗಿರ್ತದೆ. ತಗುದ್ರು ಅಂದ್ರೆ ಬರ್ದುದ್ನೆಲ್ಲ ನಂಗೆ ಓದಿ ಏಳ್ತಾರೆ" ಎನ್ನುತ್ತಾರೆ ಒಲೆಯ ಮುಂದೆ ಕೂತ ಹೆಂಡತಿ ರಾಮಮ್ಮ.

ಮುತ್ತಯ್ಯನವರಿಗೆ ಐವತ್ತನಾಲ್ಕು. ಅಪ್ಪನಿಂದ ಓಲಗ ಕಲಿತು ಮೂವತ್ತೆಂಟು ವರ್ಷವಾಯಿತು. ಕೊಳ್ಳೇಗಾಲದ ಛತ್ರಗಳಲ್ಲಿ ಪೆನ್ ಡ್ರೈವ್ ಹಾಕಿ ನಾದಸ್ವರ ಕೇಳಿಸುವುದು ಶುರುವಾದ ಮೇಲೆ ವರ್ಷಕ್ಕೆ ಆರು ಮದುವೆ ಸಿಕ್ಕಿದರೆ ಪುಣ್ಯ ಎನ್ನುವಂತಾಯಿತು. "ಪೆನ್ ಡ್ರೈವ್‌ಗೆ ಊಟಕ್ಕಿಕ್ಕಂಗಿಲ್ವಲ್ಲ ಸಾ" ಎಂದು ಅವರು ನಗುತ್ತಾರೆ. ಡೋಲಿನ ಜೊತೆಗಾರನೂ ಕಸುಬು ಬಿಟ್ಟಾಗ ಮಾತ್ರ ನಗು ಬರಲಿಲ್ಲ. ಡೋಲಿಲ್ಲದ ಓಲಗವನ್ನು ಯಾರೂ ಕರೆಯುವುದಿಲ್ಲ.

ಯಳಂದೂರಿನಲ್ಲಿ ಕ್ಲಾರಿಯೋನೆಟ್ ನುಡಿಸುವವರೊಬ್ಬರು ಬ್ಲಾಗು ಬರೆದೇ ಕೆಲಸ ಹಿಡಿಯುತ್ತಿದ್ದರು. ಅವರ ಬೆನ್ನು ಬಿದ್ದು ಮುತ್ತಯ್ಯ ವಿದ್ಯೆ ಕಲಿತರು. ಮೊದಲ ಬರಹ ಮೂರೇ ಸಾಲು: "ಡೋಲಿನವರು ಬೇಕಾಗಿದ್ದಾರೆ. ಕುಡಿಯುವವರು ಬೇಡ. ಊಟ ಚೆನ್ನಾಗಿರುತ್ತದೆ." ಹನ್ನೊಂದನೇ ದಿನ ತಮಿಳುನಾಡಿನ ಗಡಿಯ ಗೋಪಿನಾಥಂನಿಂದ ರಂಗಸ್ವಾಮಿ ಫೋನು ಮಾಡಿದರು. "ಊಟದ ಇಸ್ಯ ನಿಜ್ವಾ ಅಂತ ಕೇಳ್ದೆ. ಆಮಾ, ನಿಜಾನೇ ಅಂದ್ರು, ಬಂದ್ಬುಟ್ಟೆ" ಎನ್ನುತ್ತಾರೆ ಅವರು. ಅವರೂರಿಗೆ ಬಸ್ಸು ಅಪರೂಪ. ಭಾನುವಾರದ ಮದುವೆಗೆ ಶುಕ್ರವಾರವೇ ಡೋಲು ಹೊತ್ತು ಹೊರಡುತ್ತಾರೆ.

ಅಲ್ಲಿಂದ ಪ್ರತಿ ಮದುವೆಯ ಮಾರನೆಯ ಬೆಳಗ್ಗೆ ಒಂದು ಬರಹ. ಯಾವ ರಾಗ ನುಡಿಸಿದೆವು, ಯಾವ ಛತ್ರದ ಮೈಕು ಗುಂಯ್‌ಗುಡುತ್ತದೆ, ಯಾರ ಪಾಯಸ ತಳ ಹಿಡಿದಿತ್ತು, ಎಲ್ಲವೂ ಅದರಲ್ಲಿ ಇರುತ್ತದೆ. ಜನ ಪಾಯಸಕ್ಕಾಗಿ ಓದಿದರು, ಓಲಗಕ್ಕಾಗಿ ಫೋನು ಮಾಡಿದರು. ಎರಡೇ ವರ್ಷಕ್ಕೆ ಆರು ಮದುವೆ ಮೂವತ್ತನಾಲ್ಕಾಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಬೆರಳೆತ್ತುತ್ತಲೇ ಓಲಗದವರು ಗಟ್ಟಿಮೇಳ ಹಿಡಿಯುತ್ತಾರೆ. ಸೀನು, ಅಳು, ಜಗಳ, ಯಾವ ಅಪಶಕುನದ ಸದ್ದೂ ಆಗ ಕಿವಿಗೆ ಬೀಳಬಾರದು. ಹೋದ ವರ್ಷ ಅಗರದ ಚನ್ನಾಜಮ್ಮನವರ ಹಿರಿಮಗಳ ಮದುವೆ. ಸರಿಯಾಗಿ ಗಂಟು ಬೀಳುವಾಗ ಚನ್ನಾಜಮ್ಮನವರ ಭಾವ ಕೆಂಪನಂಜಪ್ಪನವರ ಮೂಗು ಅರಳುವುದು ಮುತ್ತಯ್ಯನವರ ಕಣ್ಣಿಗೆ ಬಿತ್ತು. ಹುಬ್ಬು ಹಾರಿಸಿದರು, ರಂಗಸ್ವಾಮಿ ಡೋಲು ಹರಿಯುವಂತೆ ಬಾರಿಸಿದರು. ಒಂಟಿ ಸೀನು ಬಂತು. ಪಕ್ಕದ ಕುರ್ಚಿಯವರಿಗೂ ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಕಲಾವಿದರ ಹೆಮ್ಮೆ ಉಕ್ಕಿತು. ಸೀನಿದವರ ಹೆಸರು, ಕೂತ ಸಾಲು, ಗಳಿಗೆ ಸಮೇತ ಬರೆದು "ಒಂಟಿ ಸೀನು, ಯಾರಿಗೂ ಕೇಳಲಿಲ್ಲ" ಎಂದು ತಲೆಬರಹವನ್ನೂ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗಂಡಿನ ಕಡೆಯವರೆಲ್ಲ ಓದಿ ಮುಗಿಸಿದ್ದರು. ಸೀನಿದ್ದು ಗಂಟಿಗೆ ಮುಂಚೆಯೋ ಆಮೇಲೋ ಎಂದು ಎರಡೂ ಮನೆಗಳಲ್ಲಿ ಪಂಚಾಯಿತಿ ನಡೆಯಿತು. ಕೆಂಪನಂಜಪ್ಪನವರು ಅದು ಕೆಮ್ಮು ಎಂದು ಆಣೆ ಮಾಡಿದರು. ಸಂಜೆ ಚನ್ನಾಜಮ್ಮ ಕಾಮಗೆರೆಯ ಜಗಲಿಗೇ ಬಂದು ನಿಂತರು.

"ಏನಯ್ಯ, ಮುಚ್ಚು ಅಂತ ವೀಳ್ಯ ಕೊಟ್ಟು ಕರುದ್ರೆ, ಊರ್ಗೆಲ್ಲ ಬಿಚ್ಚಿ ತೋರುಸ್ಬುಟ್ಟಲ್ಲ!"

ಬರಹ ಅಳಿಸಿದರೂ ಅದರ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇತ್ತು. ಒಪ್ಪಿಕೊಂಡಿದ್ದ ಮದುವೆಗಳೆಲ್ಲ ಒಂದೊಂದಾಗಿ ಕೈತಪ್ಪಿದವು. ಕೆಲಸವಿಲ್ಲದ ರಂಗಸ್ವಾಮಿ ಊರಿನ ಬಸ್ಸು ಹತ್ತಿದರು. "ಇಷ್ಟು ವರ್ಷ ಉಸುರು ಕಟ್ಟಿ ಊದಿ ಸಂಪಾದ್ಸಿದ್ದ ಎಸ್ರು ಸಾ. ಒಂದು ಬೆರಳಲ್ಲಿ ಕಳ್ಕಬುಟ್ಟೆ" ಎನ್ನುವಾಗ ಮುತ್ತಯ್ಯನವರ ದನಿ ಈಗಲೂ ಇಳಿಯುತ್ತದೆ. ಆ ದಿನಗಳಲ್ಲಿ ಅವರು ರೂಢಿಯಂತೆ ಪೀಪಿ ಬಾಯಲ್ಲಿಟ್ಟು ಕೂರುತ್ತಿದ್ದರು, ಬರೆಯಲು ಏನೂ ಇರುತ್ತಿರಲಿಲ್ಲ. "ಬರ್ದಿದ್ದ ಅಳೇದ್ನಾದ್ರೂ ಓದಿ ಅಂತ ನಾನೇ ಅಂದೆ. ಅವ್ರು ಸುಮ್ಕಿದ್ರೆ ನೋಡಾಕಾಗದು" ಎನ್ನುತ್ತಾರೆ ರಾಮಮ್ಮ.

ಈ ವರ್ಷ ಚನ್ನಾಜಮ್ಮನವರ ಕಿರಿಮಗಳ ನಿಶ್ಚಿತಾರ್ಥ ಬಂತು. ಓಲಗದವರ ಸಹವಾಸವೇ ಬೇಡವೆಂದು ಅವರು ಪೆನ್ ಡ್ರೈವ್ ಹಾಕಿಸಿದರು. ಉಂಗುರ ತೊಡಿಸುವಾಗ ಕೆಂಪನಂಜಪ್ಪನವರು ಮತ್ತೆ ಸೀನಿದರು. ಪೆನ್ ಡ್ರೈವ್ ತನ್ನ ಪಾಡಿಗೆ ತಾನು ಮೆಲ್ಲಗೆ ಹಾಡುತ್ತಿತ್ತು. ಸೀನು ಅಡುಗೆಮನೆವರೆಗೂ ಕೇಳಿಸಿತು.

ಮರುದಿನವೇ ಚನ್ನಾಜಮ್ಮ ತಟ್ಟೆಯಲ್ಲಿ ವೀಳ್ಯದೆಲೆ ಹಿಡಿದು ಕಾಮಗೆರೆಗೆ ಬಂದರು. "ಪೆನ್ ಡ್ರೈವ್‌ಗೆ ಕಣ್ಣಿದ್ದದಾ? ಭಾವನ್ನ ಮದ್ವೆಗೆ ಬರ್ಬ್ಯಾಡಿ ಅನ್ನಕಾಯ್ತದಾ? ನೀನೇ ಬಂದು ಊದ್ಕೊಡು. ಆದ್ರೆ ಬರುದ್ಗಿರುದ್ಬುಟ್ಟೀಯೆ!"

ನಿನ್ನೆ ಆ ಮದುವೆ ಆಯಿತು. ಮುತ್ತಯ್ಯ ಒಂದು ಕಣ್ಣು ಪುರೋಹಿತರ ಬೆರಳ ಮೇಲೆ, ಇನ್ನೊಂದು ಕೆಂಪನಂಜಪ್ಪನವರ ಮೂಗಿನ ಮೇಲೆ ಇಟ್ಟು ಊದಿದರು. ರಂಗಸ್ವಾಮಿ ಈ ಸಲ ಗುರುವಾರವೇ ಬಂದಿದ್ದರು. ಗಟ್ಟಿಮೇಳದ ಅಬ್ಬರಕ್ಕೆ ಛತ್ರದ ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದವು.

ಈಗ ಜಗಲಿಯಲ್ಲಿ ಬರಹ ಮುಗಿಯುತ್ತಿದೆ. ರಾಗ ಇದೆ, ಮೈಕು ಇದೆ, ಪಾಯಸಕ್ಕೆ ಎರಡು ಪ್ಯಾರಾ ಇದೆ. ನಡುವೆ ಒಂದೇ ಸಾಲು: "ಗಟ್ಟಿಮೇಳ ಆಯಿತು." ಓದಿದವರೆಲ್ಲ ಮತ್ತೆ ಕರೆಯಲಿ, ರಂಗಸ್ವಾಮಿ ಖಾಲಿ ಕೈಯಲ್ಲಿ ಬಸ್ಸು ಹತ್ತದಿರಲಿ, ಅಷ್ಟೇ ಅವರ ಆಸೆ.

ಕೆಂಪನಂಜಪ್ಪನವರು ನಿನ್ನೆ ಸೀನಿದರೇ ಎಂದು ಕೇಳಿದರೆ ಜಗಲಿಯ ಇನ್ನೊಂದು ತುದಿಯಲ್ಲಿ ಕೂತ ರಂಗಸ್ವಾಮಿ ಡೋಲಿನ ಹಗ್ಗ ಬಿಗಿಯತೊಡಗುತ್ತಾರೆ. ಮುತ್ತಯ್ಯ ಪೀಪಿ ತೆಗೆದು ಟವೆಲಿನಲ್ಲಿ ಒರೆಸುತ್ತಾರೆ.

"ಗಟ್ಟಿಮೇಳ ಊದ್ವಾಗ ನಂಗೇ ಏನೂ ಕೇಳ್ಸಾಕಿಲ್ಲ ಸಾ" ಎಂದು ಹೇಳಿ, ಅದನ್ನು ಮತ್ತೆ ಬಾಯಿಗಿಟ್ಟುಕೊಳ್ಳುತ್ತಾರೆ.