ವಾದಿರಾಜ ಭಟ್ಟರ ಕ್ಯಾಸೆಟ್ಟು

ಸುಮಿತ್ರಾ, ನೀನು ರೋಗಿಯ ಬಾಯಿಂದ ಬೇಕೆಂದೇ ತಪ್ಪು ಹೇಳಿಸುತ್ತೀಯ ಎಂದು ನಮ್ಮ ಪ್ರೊಫೆಸರಿಗೆ ಹೇಳಿದವಳು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ತೊಂಬತ್ತರ ದಶಕದ ಕೊನೆ. ಎಗ್ಮೋರಿನ ಹತ್ತಿರದ, ತಮಿಳರೇ ತುಂಬಿದ್ದ ಆ ಪ್ರಯೋಗಾಲಯದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ತಲೆಯ ಹಿಂಬದಿಯ ಕಿರುಮೆದುಳು ಇರುವುದು ಕೈಕಾಲಿನ ಹಿಡಿತಕ್ಕೆ, ಸಮತೋಲಕ್ಕೆ, ಅಷ್ಟೇ ಎಂದು ಓದಿ ಬಂದವರು ನಾವು. ನನ್ನ ಸಂಶೋಧನೆಯೂ ಅದೇ—ಮೂಗು ಮುಟ್ಟಲು ಹೋದ ಬೆರಳು ಎಷ್ಟು ನಡುಗುತ್ತದೆ ಎಂದು ಅಳೆಯುವುದು. ಯೋಚನೆಯಲ್ಲೂ ಅದರ ಪಾಲಿದೆ ಎಂದು ಹೊರದೇಶದಲ್ಲಿ ಕೆಲವರು ಹೇಳತೊಡಗಿದ್ದರು. ನೀನು ಅದರ ಬೆನ್ನು ಹತ್ತಿದೆ. ನಾನು ನಕ್ಕೆ. ಆಮೇಲೆ ಸರ್ ನಿನ್ನ ಮೇಜಿನ ಬಳಿಯೇ ಹೆಚ್ಚು ಹೊತ್ತು ನಿಲ್ಲತೊಡಗಿದರು. ನನ್ನ ನಗು ನಿಂತುಹೋಯಿತು.

ವಾದಿರಾಜ ಭಟ್ಟರು ನಿನ್ನ ಮೊದಲ ರೋಗಿ. ಕುಂದಾಪುರದ ಕಡೆಯವರು, ಮೂವತ್ತು ವರ್ಷ ಹೋಟೆಲಿನಲ್ಲಿ ಸಾಂಬಾರು ಮಾಡಿದವರು. ಕಿರುಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಸಾಂಬಾರು ಮಾಡುವುದು ಹೇಗೆಂದು ಅವರ ಬಾಯಿಂದಲೇ ಹೇಳಿಸಿ ನೀನು ಧ್ವನಿಮುದ್ರಿಸಿಕೊಂಡೆ. "ಒಗ್ಗರಣಿ ಹಾಕ್ದೆ... ಮತ್ತೆ ಬೇಳೆ ತೊಳ್ದೆ... ಅಯ್ಯೊ ದೇವ್ರೆ, ಹಾಂಗಲ್ಲ ಅಲ್ದಾ?" ಎಂದು ಅವರು ಮೊದಲು ನಕ್ಕರು, ಆಮೇಲೆ ಅತ್ತರು. ಕೈ ನಡುಗುವುದಿರಲಿ, ಕೆಲಸದ ಕ್ರಮವೇ ಅವರಿಗೆ ಕಲಸಿಹೋಗಿತ್ತು.

ನಿನಗೆ ಬೇಕಾದ ಪುರಾವೆ ಇಷ್ಟು ಸಲೀಸಾಗಿ ಸಿಕ್ಕಿಬಿಟ್ಟಿತೆ? ನನಗೆ ನಂಬಿಕೆ ಬರಲಿಲ್ಲ. ನೀನು ಅವರ ಜೊತೆ ಕಾಫಿ ಕುಡಿದರೂ ಅನುಮಾನ, ಬಾಗಿಲು ಹಾಕಿಕೊಂಡರೂ ಅನುಮಾನ. ಒಂದು ಮಧ್ಯಾಹ್ನ ನೀನಿಲ್ಲದಾಗ ಕ್ಯಾಸೆಟ್ಟು ತೆಗೆದು ಕೇಳಿದೆ. ಭಟ್ಟರು ಒಂದೊಂದು ಮಾತು ಹೇಳಿದಾಗಲೂ ನೀನು "ಹೂಂ" ಅನ್ನುತ್ತಿದ್ದೆ. ಹೂಂ ಅಂದು ತಪ್ಪಿಗೆ ಹುರಿದುಂಬಿಸುತ್ತಿದ್ದಾಳೆ, ಸಿಕ್ಕಿಬಿದ್ದಳು ಅಂದುಕೊಂಡೆ. ಪೂರ್ತಿ ಕೇಳಿದೆ—ಸರಿಗೂ ಹೂಂ, ತಪ್ಪಿಗೂ ಹೂಂ. ನಮ್ಮ ಮನೆಗಳಲ್ಲಿ ಕಥೆ ಕೇಳುವವರು ಹೂಂಗುಟ್ಟುವ ಹಾಗೆ, ಅಷ್ಟೇ. ನಾವು ಹೂಂ ಅನ್ನದಿದ್ದರೆ ನನ್ನಜ್ಜಿ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ನನಗೆ ಗೊತ್ತಿಲ್ಲದ್ದೇನಲ್ಲ.

ಅನುಮಾನ ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿತ್ತು ಕೂಡ. ಆದರೂ ಆ ಕ್ಯಾಸೆಟ್ಟನ್ನು ಸರ್ ಕೋಣೆಗೆ ಒಯ್ದೆನಲ್ಲ...

ತಪ್ಪು ಬಂದ ಎರಡೇ ಎರಡು ತುಣುಕು ಕೇಳಿಸಿದೆ. "ಇದು ಎನ್ನಮ್ಮಾ, ಹೂಂ ಹೂಂ-ನು?" ಎಂದರು ಸರ್. ಇದೇನಮ್ಮಾ, ಹೂಂ ಹೂಂ ಅಂತ?

"ತಪ್ಪು ಸೊಲ್ರಪ್ಪೊ ಮಟ್ಟುಂ ಹೂಂ ಸೊಲ್ರಾ ಸರ್" ಅಂದೆ. ತಪ್ಪು ಹೇಳಿದಾಗ ಮಾತ್ರ ಹೂಂ ಅನ್ನುತ್ತಾಳೆ.

ಕನ್ನಡ ತಿಳಿಯದ ಅವರು ನನ್ನನ್ನು ನಂಬಿದರು. ನಿನ್ನನ್ನು ಕರೆದು ಒಂದು ಮಾತೂ ಕೇಳಲಿಲ್ಲ, ವಿಷಯ ಬದಲಿಸು ಅಂದರಷ್ಟೇ. ನೀನು ಬದಲಿಸಲಿಲ್ಲ, ಬಿಟ್ಟುಹೋದೆ. "ಸರ್ ಬುದ್ಧೀನೇ ಅಷ್ಟು ಕಣೆ, ವಿಡು, ಬಿಟ್ಹಾಕು" ಎಂದು ನಿನ್ನ ಬೆನ್ನು ಸವರಿದವಳೂ ನಾನೇ. ಥೂ! ಆ ಕೈಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಗಾಳಿ ತಿರುಗಿತು. ಕಿರುಮೆದುಳಿಗೂ ಯೋಚನೆಗೂ, ಮಾತಿಗೂ ನಂಟು ಹುಡುಕುವ ಪ್ರಬಂಧಗಳು ಒಂದರ ಹಿಂದೊಂದು ಬಂದವು. ನಾನೂ ಬೆರಳು ಅಳೆಯುವುದನ್ನು ಬಿಟ್ಟು ನಿನ್ನ ದಾರಿಗೆ ಬಂದೆ. ರೋಗಿಗಳಿಗೆ ಅಡಿಗೆಯ ಕ್ರಮವನ್ನೇ ಕೇಳಿದೆ—ನಿನ್ನ ಪ್ರಶ್ನೆಗಳನ್ನೇ. ಜನ ಅದನ್ನು ನನ್ನ ಕೆಲಸ ಎಂದರು. ಲೇಖನಕ್ಕೆ ನನ್ನ ಹೆಸರೊಂದನ್ನೇ ಹಾಕಿದೆ.

ಮೊನ್ನೆ ಪೆರಂಬೂರಿನಿಂದ, ನೀನು ಪಾಠ ಹೇಳುವ ಶಾಲೆಯಿಂದ, ನಿನ್ನ ಫೋನು. ನನ್ನ ಲೇಖನ ಓದಿದ್ದೆಯಂತೆ. "ನಾನು ಹೇಳ್ತಿದ್ನಲ್ಲೇ! ಸದ್ಯ, ನೀನಾದ್ರೂ ಮಾಡಿದ್ಯಲ್ಲ" ಅಂದೆ ನೀನು. ಇವಳಿಗೆ ಗೊತ್ತಾಗಿದೆಯೆ, ಚುಚ್ಚುತ್ತಿದ್ದಾಳೆಯೆ—ಆಗಲೂ ನನಗೆ ನಿನ್ನ ಮೇಲೆಯೇ ಅನುಮಾನ. ನೀನು ಖುಷಿಯಲ್ಲಿ ಮಾತಾಡುತ್ತಲೇ ಇದ್ದೆ. "ಇದ್ದೀಯೇನೇ? ಒಂದು ಹೂಂ ಆದ್ರೂ ಅನ್ನಬಾರ್ದಾ?" ಅಂದೆ ನೀನೇ.

ಸರ್‌ಗೆ ಎಲ್ಲವನ್ನೂ ಬರೆದು ಬೆಳಿಗ್ಗೆಯೇ ಅಂಚೆಗೆ ಹಾಕಿದೆ. ಭಾನುವಾರ, ಇಷ್ಟು ವರ್ಷ ನನ್ನ ಬಳಿಯೇ ಉಳಿದ ಆ ಕ್ಯಾಸೆಟ್ಟು ತೆಗೆದುಕೊಂಡು ಪೆರಂಬೂರಿಗೆ ಬರುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ನಾನು ಹೇಳುವಾಗ ಮಾತ್ರ, ಸುಮಿತ್ರಾ, ನೀನು ಹೂಂ ಅನ್ನಬೇಡ.